ದ್ಯಾಮವ್ವನ ಗಾಡಿ ನಿಂತದ್ದೇಕೆ

ಗದಗಿನ ಕಡೆಯ ಒಂದು ಸಣ್ಣ ಪಟ್ಟಣದಲ್ಲಿ ಫಕ್ಕೀರೇಶನೆಂಬ ಮೆಕ್ಯಾನಿಕ್ ಇದ್ದ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವನ ಶೆಡ್ಡು. ಅವನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಾಡಿ ಇನ್ನೂ ರಸ್ತೆಯ ತಿರುವಿನಲ್ಲಿ ಇರುವಾಗಲೇ ಸದ್ದು ಕೇಳಿ, "ಕ್ಲಚ್ ಹೋಗೈತಿ ನೋಡು" ಎಂದುಬಿಡುತ್ತಿದ್ದ. ಹತ್ತಕ್ಕೆ ಎಂಟು ಸಲ ಅದು ನಿಜವೂ ಆಗುತ್ತಿತ್ತು. ಆ ಎಂಟನ್ನು ಊರು ನೆನಪಿಟ್ಟುಕೊಂಡು ಹೊಗಳುತ್ತಿತ್ತು. ಉಳಿದ ಎರಡನ್ನು ಅವನೇ ಮರೆತುಬಿಟ್ಟಿದ್ದ.

ಅವನಿಗೆ ಕೆಲಸ ಕಲಿಸಿದವರು ಮೌಲಾಸಾಬ್. ಕಣ್ಣಿಗೆ ಪೊರೆ ಬಂದ ಮೇಲೆ ಆ ಹಿರಿಯರು ನಟ್ಟು ಬೋಲ್ಟು ತಿರುಗಿಸುವ ಪಾನಾ ಹಿಡಿಯುವುದನ್ನು ಬಿಟ್ಟಿದ್ದರು. ಆದರೆ ಶೆಡ್ಡಿಗೆ ಬರುವುದನ್ನು ಬಿಟ್ಟಿರಲಿಲ್ಲ. ದಿನಾ ಬಂದು ಹಳೆಯ ಟೈರುಗಳ ಮೇಲೆ ಕೂತು, ಚಹಾ ಕುಡಿದು, ಬಂದವರ ಮಾತು ಕೇಳಿಸಿಕೊಂಡು ಹೋಗುತ್ತಿದ್ದರು.

ಒಂದು ದಿನ ಆ ಶೆಡ್ಡಿಗೆ ದ್ಯಾಮವ್ವ ತನ್ನ ಹಳೆಯ ಮೊಪೆಡ್ಡನ್ನು ತಳ್ಳಿಕೊಂಡು ಬಂದಳು. ಅವಳದು ಏಳೆಂಟು ಕಿಲೋಮೀಟರ್ ದೂರದ ಹಳ್ಳಿ. ನಸುಕಿನಲ್ಲೇ ಎದ್ದು ಮುನ್ನೂರು ಜೋಳದ ರೊಟ್ಟಿ ಬಡಿದು, ಪಟ್ಟಣದ ಮೂರು ಖಾನಾವಳಿಗಳಿಗೆ ಕೊಡುವುದು ಅವಳ ಕೆಲಸ. ಮೊದಲೆಲ್ಲ ಗಂಟು ಹೊತ್ತು ಬಸ್ಸಿಗೆ ಬರುತ್ತಿದ್ದಳು. ಬಸ್ಸು ತಪ್ಪಿದ ದಿನ ರೊಟ್ಟಿ ಮನೆಯಲ್ಲೇ ಉಳಿಯುತ್ತಿತ್ತು. ಅದಕ್ಕೇ ನಲವತ್ತಾರನೆಯ ವಯಸ್ಸಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಮೊಪೆಡ್ ಕೊಂಡು, ಊರ ಹೊರಗಿನ ಕಣದಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲ ಕಲಿತಿದ್ದಳು. ಅವಳ ಮೈದುನ ಕಟ್ಟೆಯ ಮೇಲೆ ಕೂತು, "ರೊಟ್ಟಿ ಬಡಿಯೋ ಕೈಗೆ ಹ್ಯಾಂಡಲ್ ಯಾಕ?" ಎಂದು ನಕ್ಕಿದ್ದ. ಅವನ ನಗು ನಿಲ್ಲುವ ಹೊತ್ತಿಗೆ ಅವಳು ಗಾಡಿಯ ಮೇಲೆ ಪಟ್ಟಣ ಮುಟ್ಟಿದ್ದಳು.

"ಏನಾಗೈತಿ ಯಕ್ಕಾ?" ಎಂದು ಫಕ್ಕೀರೇಶ ಕೇಳಿದ.

"ಅರ್ಧ ದಾರಿ ಬಂದ ಕೂಡಲೇ ಬಂದ್ ಬೀಳ್ತೈತಿ ತಮ್ಮಾ. ಒಂದಿಷ್ಟು ಹೊತ್ತು ಬಿಟ್ಟು ಕಿಕ್ ಹೊಡದರ ಮತ್ತ ಹೊಂಡತೈತಿ. ಮತ್ತ ಮುಂದ..."

ಅವಳ ಮಾತು ಮುಗಿಯುವ ಮೊದಲೇ ಅವನ ಮನಸ್ಸು ಇಂಜಿನ್ನಿನ ಒಳಗೆ ಇಳಿದಾಗಿತ್ತು. "ಗೊತ್ತಾತು ಬಿಡ್ರಿ. ಬಿಸಿ ಆಗಿ ಹಿಡೀತೈತಿ. ಪಿಸ್ಟನ್ ರಿಂಗ್ ಸವದಾವು, ಸಿಲಿಂಡರ್‌ನೂ ಹೋಗಿರ್ತೈತಿ. ಇಂಜಿನ್ ಬಿಚ್ಚಬೇಕು."

ಅವನು ಹೇಳಿದ ಖರ್ಚು ದ್ಯಾಮವ್ವನ ಕೈ ಮೀರಿದ್ದಾಗಿತ್ತು. ಅವಳು ಸೀರೆಯ ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಎರಡು ಸಾವಿರವನ್ನು ಅವನ ಕೈಗೆ ಇಟ್ಟಳು. "ನನ್ನ ಹತ್ರ ಇರೂದ ಇಷ್ಟು. ಇದರಾಗ ಏನಾರ ಮಾಡಪಾ."

ಫಕ್ಕೀರೇಶ ಕೆಟ್ಟವನಲ್ಲ. ಬೇರೆ ಯಾರಾದರೂ ಆಗಿದ್ದರೆ ಅಷ್ಟು ದುಡ್ಡಿಗೆ ಆಗುವುದಿಲ್ಲ ಎಂದು ಗಾಡಿಯನ್ನು ಹೊರಗೆ ತಳ್ಳುತ್ತಿದ್ದರು. ಅವನು ಗುಜರಿ ಅಂಗಡಿಗೆ ಹೋಗಿ, ಅಪಘಾತದಲ್ಲಿ ಮುರಿದಿದ್ದ ಅದೇ ಜಾತಿಯ ಗಾಡಿಯಿಂದ ಚೆನ್ನಾಗಿದ್ದ ಸಿಲಿಂಡರ್ ಹುಡುಕಿ ತಂದ. ಹಳೆಯ ಪಿಸ್ಟನ್ನಿನ ಮೇಲೆ ಕಟ್ಟಿದ್ದ ಮಸಿಯನ್ನು ತಾಳ್ಮೆಯಿಂದ ಕೆರೆದ. ರಿಂಗುಗಳನ್ನು ಮಾತ್ರ ಹೊಸದಾಗಿ ಕೊಂಡ. ಗ್ಯಾಸ್ಕೆಟ್ಟಿಗೂ ದುಡ್ಡು ಸಾಲದೆ, ದಪ್ಪ ಕಾಗದವನ್ನು ಇಂಜಿನ್ನಿನ ಅಂಚಿಗೆ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ತಾನೇ ಕತ್ತರಿಸಿದ. ಎರಡು ದಿನ ಕೆಲಸ ಹಿಡಿಯಿತು. ಟ್ಯಾಂಕಿ ಜೋಡಿಸುವ ಮೊದಲೇ, ಪೆಟ್ರೋಲ್ ತುಂಬಿದ ಬಾಟಲಿಯನ್ನು ಮೇಲೆ ತೂಗುಹಾಕಿ, ಸಣ್ಣ ನಳಿಕೆಯಿಂದ ಇಂಜಿನ್ನಿಗೆ ಪೆಟ್ರೋಲ್ ಕೊಟ್ಟು ಚಾಲೂ ಮಾಡಿದ. ಅರ್ಧ ತಾಸು ನಿಲ್ಲದೆ ಓಡಿತು. ಆ ಸದ್ದು ಕೇಳುತ್ತ ಅವನಿಗೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳಬೇಕು ಅನ್ನಿಸಿತು.

ಮರುದಿನ ಹತ್ತು ಗಂಟೆಗೆ ದ್ಯಾಮವ್ವ ಮತ್ತೆ ಬಂದಳು. ಗಾಡಿಯನ್ನು ತಳ್ಳಿಕೊಂಡೇ ಬಂದಳು.

"ಅಲ್ಲೇ ನಿಂತತು ತಮ್ಮಾ. ಹಳ್ಳದ ದಂಡಿಗೆ."

ಶೆಡ್ಡಿನ ಮುಂದೆ ಆಗ ನಾಲ್ಕೈದು ಮಂದಿ ಗಿರಾಕಿಗಳಿದ್ದರು. ಎಲ್ಲರೂ ಫಕ್ಕೀರೇಶನ ಮುಖ ನೋಡಿದರು. ಅವನ ಕಿವಿ ಬಿಸಿಯಾಯಿತು. ತಾನು ಕಟ್ಟಿದ ಇಂಜಿನ್ ತಪ್ಪಿರಲು ಸಾಧ್ಯವಿಲ್ಲ. ಅಂದರೆ ತಪ್ಪು ಬೇರೆಯವರದೇ ಆಗಿರಬೇಕು.

"ಪೆಟ್ರೋಲಿಗೆ ಆಯಿಲ್ ಎಷ್ಟು ಹಾಕ್ತೀರಿ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಆ ಜಾತಿಯ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಅಳೆದು ಬೆರೆಸಬೇಕಿತ್ತು.

"ನೀ ಹೇಳಿದಷ್ಟ. ಸಣ್ಣ ಡಬ್ಬಿಯಿಂದ ಅಳದ..."

"ಅಳತಿ ತಪ್ಪೇತ್ರಿ. ಇಂಜಿನ್ ನಾ ಹೊಸಾದು ಮಾಡಿ ಕೊಟ್ಟೇನಿ. ನೀವು ಹಿಂಗ ಕೈಗೆ ಬಂದಂಗ ಆಯಿಲ್ ಹಾಕಿದ್ರ ಎಂಥಾ ಇಂಜಿನ್ನೂ ನಿಂದ್ರತೈತಿ."

ಯಾರೋ ಒಬ್ಬ ಹಿಂದಿನಿಂದ ನಕ್ಕ. ದ್ಯಾಮವ್ವ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು. "ಹೌದೇನೋ. ನಂದ ತಪ್ಪಿರಬೇಕು" ಎಂದು ಗಾಡಿ ತಿರುಗಿಸಿಕೊಂಡು ಹೋದಳು.

ಟೈರಿನ ಮೇಲೆ ಕೂತಿದ್ದ ಮೌಲಾಸಾಬ್ ಅವಳ ಗಾಡಿಯ ಚಕ್ರದ ಸದ್ದು ದೂರವಾಗುವವರೆಗೆ ಕಿವಿಗೊಟ್ಟರು. ಅವರ ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

ಹದಿನೈದು ದಿನ ಕಳೆದವು. ಫಕ್ಕೀರೇಶ ಮಧ್ಯಾಹ್ನ ಊಟಕ್ಕೆ ಹೋಗುವ ಖಾನಾವಳಿಯಲ್ಲಿ ಒಂದು ದಿನ ರೊಟ್ಟಿಯೇ ಇರಲಿಲ್ಲ. "ಆ ದ್ಯಾಮವ್ವನ ಗಾಡಿ ದಿನಾ ಕೈ ಕೊಡತೈತ್ರಿ. ನಾಳಿಂದ ಬ್ಯಾರೇದವರಿಗೆ ಹೇಳೇನಿ" ಎಂದು ಖಾನಾವಳಿಯವನು ಅನ್ನದ ತಾಟು ತಂದಿಟ್ಟ. ಫಕ್ಕೀರೇಶ ತಾಟು ಪಕ್ಕಕ್ಕೆ ಸರಿಸಿದ. ಆಯಿಲ್ ಅಳತೆ ಒಮ್ಮೆ ತಪ್ಪಬಹುದು, ಎರಡು ಸಲ ತಪ್ಪಬಹುದು. ಮುನ್ನೂರು ರೊಟ್ಟಿಯನ್ನು ಒಂದೇ ಅಳತೆಗೆ ಬಡಿಯುವ ಹೆಂಗಸು ದಿನಾ ತಪ್ಪುತ್ತಾಳೆಯೇ?

ಶೆಡ್ಡಿಗೆ ಬಂದವನು ಮೌಲಾಸಾಬರ ಪಕ್ಕ ಕೂತ. "ಉಸ್ತಾದ್ರ, ಆ ಗಾಡ್ಯಾಗ ಏನೈತಿ ಅಂತ ನನಗ ತಿಳೀವಲ್ದು."

ಮೌಲಾಸಾಬ್ ಅವನ ಕಡೆಗೆ ಮುಖ ತಿರುಗಿಸಿದರು. "ಇಷ್ಟು ವರ್ಷದಾಗ ನಿನ್ನ ಬಾಯಾಗ ಈ ಮಾತು ಇವತ್ತ ಕೇಳಿದೆ ನೋಡಪಾ. ಅಕಿ ಗಾಡಿ ಶೆಡ್ಡಿನ್ಯಾಗ ಕೆಡಂಗಿಲ್ಲ, ದಾರ್ಯಾಗ ಕೆಡತೈತಿ. ಹಂಗಾರ ನೀ ಇಲ್ಲಿ ಕುಂತು ಏನ್ ಹುಡುಕ್ತಿ? ಅಕಿ ಜೋಡಿ ಹೋಗು. ಅಕಿನ್ನ ಮಾತಾಡಾಕ ಬಿಡು."

ಮರುದಿನ ಬೆಳಿಗ್ಗೆ ಫಕ್ಕೀರೇಶ ತನ್ನ ಬೈಕಿನಲ್ಲಿ ಅವಳ ಹಳ್ಳಿಗೆ ಹೋದ. ದ್ಯಾಮವ್ವ ಬೆರಗಾದಳು. ಆಗಷ್ಟೇ ಹಿಟ್ಟು ಮೆತ್ತಿದ ಕೈಯಲ್ಲೇ ಗಾಡಿಗೆ ಕ್ಯಾನಿನಿಂದ ಪೆಟ್ರೋಲ್ ಸುರಿದು, ರೊಟ್ಟಿ ಗಂಟು ಕಟ್ಟಿ ಹೊರಟಳು. ಅವನು ಹಿಂದೆ ಹಿಂದೆ ಹೋದ. ಗಾಡಿ ಚೆನ್ನಾಗಿಯೇ ಓಡಿತು. ಹಳ್ಳ ಹತ್ತಿರವಾದಂತೆ ಅದರ ಸದ್ದು ಸೊರಗಿತು, ಎರಡು ಸಲ ಬಿಕ್ಕಿತು, ನಿಂತೇಹೋಯಿತು.

ದ್ಯಾಮವ್ವ ಇಳಿದು, ರೂಢಿಯಂತೆ ಪೆಟ್ರೋಲ್ ಟ್ಯಾಂಕಿಯ ಮುಚ್ಚಳ ತಿರುವಿದಳು. 'ಸುಸ್' ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂತು.

ಫಕ್ಕೀರೇಶ ಬೈಕಿನಿಂದ ಜಿಗಿದ. "ಯಕ್ಕಾ, ಮುಚ್ಚಳ ಯಾಕ ತಗದ್ರಿ?"

"ಪೆಟ್ರೋಲ್ ಐತೋ ಇಲ್ಲೋ ನೋಡಾಕ. ಪ್ರತೀ ಸಲ ನೋಡ್ತೀನಿ. ನೋಡಿ ಮುಚ್ಚಿದ ಮ್ಯಾಲೆ ಒಂದಿಷ್ಟು ದೂರ ಹೊಂಡತೈತಿ. ಮೊದಲನೇ ದಿನ ಅದನ್ನ ಹೇಳಬೇಕಂತಿದ್ದೆ..."

ಅವನಿಗೆ ಅಷ್ಟೇ ಸಾಕಾಗಿತ್ತು. ಟ್ಯಾಂಕಿಯ ಮುಚ್ಚಳದ ನಡುವೆ ಗಾಳಿಯಾಡಲು ಸಾಸಿವೆ ಕಾಳಿಗಿಂತ ಸಣ್ಣದೊಂದು ತೂತು ಇರುತ್ತದೆ. ಪೆಟ್ರೋಲ್ ಕೆಳಗೆ ಇಳಿದಷ್ಟೂ ಮೇಲಿನಿಂದ ಗಾಳಿ ಬರಬೇಕು. ಗಾಳಿ ಬರದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ, ಇಂಜಿನ್ನಿಗೆ ಉಪವಾಸ. ದ್ಯಾಮವ್ವ ಬಿಸಿಲು ತಾಗದಂತೆ ರೊಟ್ಟಿ ಗಂಟನ್ನು ಜಾಲಿಮರದ ನೆರಳಿಗೆ ಒಯ್ಯುವಾಗ, ಅವನು ಜೇಬಿನಲ್ಲಿದ್ದ ತಂತಿಯ ತುದಿಯಿಂದ ಆ ತೂತನ್ನು ಚುಚ್ಚಿದ. ಜೋಳದ ಹಿಟ್ಟು, ಧೂಳು, ಎಣ್ಣೆ ಸೇರಿ ಕಲ್ಲಾಗಿದ್ದ ಒಂದು ಹರಳು ಅಂಗೈಗೆ ಬಿತ್ತು. ಕಿಕ್ ಹೊಡೆದ. ಇಂಜಿನ್ ಚಾಲೂ ಆಯಿತು.

ಇಷ್ಟೇ. ಒಂದು ತಂತಿಯ ಕೆಲಸ. ಇದಕ್ಕಾಗಿ ಅವನು ಇಡೀ ಇಂಜಿನ್ ಬಿಚ್ಚಿದ್ದ.

ದ್ಯಾಮವ್ವ ಬೆನ್ನು ಮಾಡಿ ನಿಂತಿದ್ದಳು. ಅವನು ಏನು ಮಾಡಿದನೆಂದು ಅವಳು ನೋಡಿರಲಿಲ್ಲ. ಅವನ ನಾಲಗೆಯ ತುದಿಗೆ ಒಂದು ಸುಳ್ಳು ತಾನಾಗಿಯೇ ಬಂದು ಕೂತಿತು: 'ಹೊಸಾ ರಿಂಗ್ ಯಕ್ಕಾ, ಬಿಗಿ ಇದ್ವು. ಈಗ ಸಡಲ ಆದ್ವು. ಇನ್ನ ತ್ರಾಸಿಲ್ಲ.' ಅದು ಪೂರಾ ಸುಳ್ಳೂ ಅಲ್ಲ. ಹಳೆಯ ರಿಂಗುಗಳು ತುಸು ಸವೆದಿದ್ದದ್ದು ನಿಜ. ಅವಳ ಗಾಡಿ ಇನ್ನು ಓಡುತ್ತದೆ, ಅವನ ಹೆಸರು ಉಳಿಯುತ್ತದೆ. ಯಾರಿಗೆ ಏನು ನಷ್ಟ?

ಅಷ್ಟರಲ್ಲಿ ದ್ಯಾಮವ್ವ ತಿರುಗಿದಳು. ಇಂಜಿನ್ನಿನ ಸದ್ದು ಕೇಳಿಯೂ ಅವಳ ಮುಖ ಅರಳಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡ ತಮ್ಮಾ. ನೀ ಇಷ್ಟು ದೂರ ಬಂದಿ. ಆದ್ರ ನಾ ಈ ಗಾಡಿ ಮಾರಬೇಕಂತ ಮಾಡೇನಿ. ನಮ್ಮ ಮೈದುನ ಗಿರಾಕಿನೂ ನೋಡ್ಯಾನ. ನೀ ಎಷ್ಟ ಚಲೋ ಮಾಡಿ ಕೊಟ್ರೂ ನನ್ನ ಕೈಯಾಗ ಕೆಡತೈತಿ. ಅವ ಹೇಳಿದ್ದ ಖರೇ. ಇದು ರೊಟ್ಟಿ ಬಡಿಯೋ ಕೈ, ಮಷಿನ್ ಹಿಡಿಯೋ ಕೈ ಅಲ್ಲ."

ಫಕ್ಕೀರೇಶನ ನಾಲಗೆಯ ಮೇಲಿದ್ದ ಸುಳ್ಳು ಒಣಗಿಹೋಯಿತು. ಯಾರಿಗೆ ಏನು ನಷ್ಟ ಎಂದು ಕೇಳಿಕೊಂಡಿದ್ದ. ನಷ್ಟ ಅವನ ಎದುರಿಗೇ ನಿಂತಿತ್ತು. ಅವನು ಇಂಜಿನ್ ಬಂದ್ ಮಾಡಿ, ಅಂಗೈ ಚಾಚಿದ.

"ಇದನ್ನ ನೋಡ್ರಿ ಯಕ್ಕಾ. ನಿಮ್ಮ ಗಾಡಿ ನಿಲ್ಲಿಸಿದ್ದು ಇದು. ಮುಚ್ಚಳದ ತೂತಿನ್ಯಾಗ ಹಿಟ್ಟು ಕೂತಿತ್ತು. ಇಂಜಿನ್ ಬಿಚ್ಚೋದು ಬೇಕಾಗಿರಲಿಲ್ಲ. ನಿಮ್ಮ ಆಯಿಲ್ ಅಳತಿ ಒಂದಿನಾನೂ ತಪ್ಪಿಲ್ಲ. ತಪ್ಪು ನಂದು. ನೀವು ಹೇಳಾಕ ಬಂದ್ರಿ, ನಾ ಕೇಳಲಿಲ್ಲ."

ದ್ಯಾಮವ್ವ ಆ ಹರಳನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಕಣ್ಣು ತುಂಬಿದವು, ಆಮೇಲೆ ಕೆಂಪಾದವು.

"ಹದಿನೈದು ದಿನ ನನ್ನ ಕೈಗೆ ನಾನ ಬೈಕೊಂಡೆನಲ್ಲೋ ತಮ್ಮಾ."

"ನಿಮ್ಮ ರೊಕ್ಕ ಪೂರಾ ತಿರುಗಿ ಕೊಡ್ತೀನಿ."

"ರಿಂಗ್, ಸಿಲಿಂಡರ್ ನನ್ನ ಗಾಡ್ಯಾಗ ಅದಾವ. ಅವುಗಳ ರೊಕ್ಕ ನಾ ಹೆಂಗ ತಗೊಳ್ಳಿ? ಕೂಲಿ ಅಂತ ಹಿಡದದ್ದು ಕೊಡು, ಸಾಕು." ಅವಳು ಗಂಟು ಎತ್ತಿ ಗಾಡಿಗೆ ಕಟ್ಟಿದಳು. "ಆದ್ರ ಇನ್ನೊಂದು ಐತಿ. ನನ್ನ ತಪ್ಪು ಅಂತ ನೀ ಮಂದಿ ಮುಂದ ಹೇಳಿದ್ದಿ. ನನ್ನ ತಪ್ಪಲ್ಲ ಅಂತ ಹಳ್ಳದಾಗ ಹೇಳಿದ್ರ ಯಾರಿಗೆ ಕೇಳಸ್ತೈತಿ?"

ಅವನು ತಲೆ ತಗ್ಗಿಸಿದ. ದುಡ್ಡು ಕೊಡುವುದು ಸುಲಭವಿತ್ತು. ಇದು ಕಷ್ಟದ್ದು.

ಆ ದಿನ ರೊಟ್ಟಿ ಹೊತ್ತಿಗೆ ಸರಿಯಾಗಿ ಉಳಿದ ಎರಡು ಖಾನಾವಳಿಗಳನ್ನು ಮುಟ್ಟಿತು. ಅಲ್ಲಿಂದ ದ್ಯಾಮವ್ವ ನೇರವಾಗಿ ಶೆಡ್ಡಿಗೆ ಬಂದಳು. ಈ ಸಲ ಗಾಡಿಯ ಮೇಲೆ ಕೂತೇ ಬಂದಳು. ಗಿರಾಕಿಗಳು ಇದ್ದರು, ಚಹಾದಂಗಡಿಯವನಿದ್ದ, ಅಂದು ಹಿಂದಿನಿಂದ ನಕ್ಕವನೂ ಇದ್ದ. ಫಕ್ಕೀರೇಶ ಕೈಯ ಪಾನಾ ಕೆಳಗಿಟ್ಟು ಎದ್ದು ನಿಂತ. "ಎಲ್ಲಾರೂ ಕೇಳ್ರಿ. ಅವತ್ತ ಈ ಯಕ್ಕನ ಅಳತಿ ತಪ್ಪು ಅಂದಿದ್ದೆ. ಅಳತಿ ಸರಿ ಇತ್ತು. ತಂತಿಯಿಂದ ಚುಚ್ಚೋ ಕೆಲಸಕ್ಕ ನಾ ಇಂಜಿನ್ ಬಿಚ್ಚಿದೆ. ತಪ್ಪು ನನ್ನದು."

ನಗು ಎದ್ದಿತು. ಈ ಸಲ ಅದು ದ್ಯಾಮವ್ವನ ಮೇಲಿನ ನಗು ಆಗಿರಲಿಲ್ಲ. ಅವಳು ಗಾಡಿಗೆ ಕಿಕ್ ಹೊಡೆದು, "ಬರ್ತೀನಪಾ" ಎಂದು ಹೊರಟುಹೋದಳು. ಮೌಲಾಸಾಬ್ ಟೈರಿನ ಮೇಲೆ ಪಕ್ಕಕ್ಕೆ ಸರಿದು, "ಬಾ, ಕೂಡು" ಎಂದು ಶಿಷ್ಯನಿಗೆ ಜಾಗ ಮಾಡಿಕೊಟ್ಟರು.

ಊರು ಒಂದು ತಿಂಗಳು ನಕ್ಕಿತು. ಇಬ್ಬರು ಮೂವರು ಗಿರಾಕಿಗಳು ಬೇರೆ ಕಡೆಗೂ ಹೋದರು. ಕೈಬಿಟ್ಟುಹೋದ ಆ ಖಾನಾವಳಿ ದ್ಯಾಮವ್ವನಿಗೆ ಮತ್ತೆ ಸಿಗಲಿಲ್ಲ. ಆದರೆ ಅವಳು ಗಾಡಿ ಮಾರಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ಹಾಸ್ಟೆಲ್ಲಿಗೆ ರೊಟ್ಟಿ ಕೊಡುವ ಕೆಲಸ ಹಿಡಿದು, ತನ್ನ ಓಣಿಯ ಇನ್ನಿಬ್ಬರು ಹೆಂಗಸರಿಗೆ ಅದೇ ಕಣದಲ್ಲಿ ಗಾಡಿ ಕಲಿಸಿದಳು.

ಫಕ್ಕೀರೇಶನನ್ನು ಬಿಟ್ಟುಹೋದ ಗಿರಾಕಿಗಳು ನಿಧಾನವಾಗಿ ತಿರುಗಿ ಬಂದರು. ಬೇರೆಯವರಿಗೆ ಬಗೆಹರಿಯದ ಗಾಡಿಗಳೂ ಬರತೊಡಗಿದವು. ಈಗಲೂ ದೂರದಿಂದ ಸದ್ದು ಕೇಳಿದರೆ ಅವನಿಗೆ ರೋಗ ಯಾವುದೆಂದು ಹೊಳೆಯುತ್ತದೆ. ಆದರೆ ಅವನು ಹೇಳುವುದಿಲ್ಲ. ಮೊದಲು ಗಾಡಿ ತಂದವರಿಗೆ ಕೂರಲು ಸ್ಟೂಲು ಎಳೆದುಕೊಡುತ್ತಾನೆ. "ಅವಸರ ಇಲ್ಲ. ಏನೇನಾತು, ಹೇಳ್ರಿ" ಎಂದು, ಅವರು ಪೂರಾ ಮುಗಿಸುವವರೆಗೆ ಪಾನಾ ಮುಟ್ಟುವುದಿಲ್ಲ.

ನೀತಿ: ನಾವು ಒಪ್ಪಿಕೊಳ್ಳದ ತಪ್ಪು ಎಲ್ಲಿಗೂ ಹೋಗುವುದಿಲ್ಲ, ತಪ್ಪು ಮಾಡದ ಯಾರೋ ಒಬ್ಬರು ಅದನ್ನು ತಮ್ಮದೆಂದು ಹೊತ್ತು ತಿರುಗುತ್ತಾರೆ. ಆದ್ದರಿಂದ ತೀರ್ಪು ಕೊಡುವ ಮೊದಲು ಎದುರಿನವರ ಮಾತನ್ನು ಪೂರ್ತಿ ಕೇಳಬೇಕು. ತಪ್ಪು ನಮ್ಮದೇ ಎಂದು ತಿಳಿದರೆ, ಯಾರ ಮುಂದೆ ಬೇರೆಯವರನ್ನು ದೂರಿದ್ದೆವೋ ಅವರ ಮುಂದೆಯೇ ಒಪ್ಪಿಕೊಳ್ಳಬೇಕು.