ಬೂದಿ ಯಾರದು?

ಮುತ್ತಲದಿನ್ನಿ ಎಂಬ ಊರಿನ ಮಗ್ಗುಲಲ್ಲಿ ರಾಯಗೊಂಡಪ್ಪ ಸಾಹುಕಾರರ ಸಕ್ಕರೆ ಕಾರ್ಖಾನೆ ಇತ್ತು. ಸಕ್ಕರೆ ಪೇಟೆಗೆ ಹೋಗುತ್ತಿತ್ತು. ಲಾಭ ಸಾಹುಕಾರರ ಮನೆಗೆ ಹೋಗುತ್ತಿತ್ತು. ಊರಿನ ಪಾಲಿಗೆ ಬರುತ್ತಿದ್ದದ್ದು ಕಬ್ಬಿನ ಸಿಪ್ಪೆ ಸುಟ್ಟುಳಿದ ಕರಿ ಬೂದಿ ಮತ್ತು ಗಬ್ಬು ನಾರುವ ಕಂದು ನೀರು. ಬೂದಿಯನ್ನು ಟ್ರ್ಯಾಕ್ಟರಿನಲ್ಲಿ ತಂದು ಊರ ಗೋಮಾಳದಲ್ಲಿ ಸುರಿಯುತ್ತಿದ್ದರು. ನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು. ಗಾಳಿ ಎದ್ದರೆ ಒಣಹಾಕಿದ ಬಟ್ಟೆ ಕಪ್ಪಾಗುತ್ತಿತ್ತು, ತಿನ್ನುವ ರೊಟ್ಟಿಯಲ್ಲೂ ಬೂದಿ ಕರಕರ ಎನ್ನುತ್ತಿತ್ತು.

ಆ ಊರಲ್ಲಿ ದುಂಡವ್ವ ಎಂಬ ವಿಧವೆ ಇದ್ದಳು. ಒಂದು ಎಮ್ಮೆಯ ಹಾಲು ಮಾರಿ ಬದುಕುತ್ತಿದ್ದಳು. ಗಬ್ಬವಾಗಿದ್ದ ಆ ಎಮ್ಮೆ ಬೇಸಿಗೆಯಲ್ಲಿ ಹಳ್ಳದ ನೀರು ಕುಡಿದು, ಹೊಟ್ಟೆ ಉಬ್ಬಿ, ಅವಳ ಕಣ್ಣೆದುರೇ ಸತ್ತುಹೋಯಿತು. ದುಂಡವ್ವ ನೇರವಾಗಿ ಕಾರ್ಖಾನೆಗೆ ಹೋದಳು.

“ಸಾವ್ಕಾರ್ರ, ನಿಮ್ಮ ನೀರು ಕುಡದು ನನ್ನ ಎಮ್ಮಿ ಸತ್ತೈತ್ರಿ. ಗೋಮಾಳದಾಗ ಹುಲ್ಲಿಲ್ಲ, ಬರೇ ನಿಮ್ಮ ಬೂದಿ.”

ಸಾಹುಕಾರರು ಕೂತಲ್ಲಿಂದ ಏಳಲೂ ಇಲ್ಲ. “ನನ್ನ ಬೂದಿ ಅಂತ ಅದರ ಮ್ಯಾಲೆ ಹೆಸರು ಬರದೈತೇನು? ಹಳ್ಳ ಸರ್ಕಾರದ್ದು, ಸರ್ಕಾರನ ಕೇಳ ಹೋಗು” ಎಂದರು. ಕಾವಲುಗಾರ ಅವಳನ್ನು ಗೇಟಿನ ಹೊರಗೆ ದಬ್ಬಿದ.

ದುಂಡವ್ವನ ಓಣಿಯಲ್ಲೇ ಪ್ರಭಾವತಿ ಎಂಬಾಕೆ ಬಾಡಿಗೆಗಿದ್ದಳು. ತಾಲ್ಲೂಕಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಸುದ್ದಿ ಕೇಳಿ ಅವಳ ಮೈ ಉರಿಯಿತು. ಗೋಮಾಳದ ಬೂದಿಯನ್ನು ಚೀಲದಲ್ಲಿ ತುಂಬಿ ಕಾಲೇಜಿಗೆ ಒಯ್ದಳು. ತೊಳೆದಳು, ಒಣಗಿಸಿದಳು, ಪರೀಕ್ಷಿಸಿದಳು, ದೊಡ್ಡ ಪ್ರಯೋಗಾಲಯಕ್ಕೂ ಕಳಿಸಿ ಖಾತ್ರಿ ಮಾಡಿಕೊಂಡಳು. ಆಮೇಲೆ ಊರವರನ್ನು ಕಟ್ಟೆಯ ಬಳಿ ಕರೆದು, ಒಂದು ಗಾಜಿನ ಭರಣಿಯಲ್ಲಿ ಉಸುಕಿನ ಮೇಲೆ ತೊಳೆದ ಬೂದಿ ಹಾಕಿ, ಹಳ್ಳದ ನೀರು ಸುರಿದಳು. ಮೇಲೆ ಸುರಿದದ್ದು ಕಂದು ನೀರು. ಕೆಳಗೆ ತೊಟ್ಟಿಕ್ಕಿದ್ದು ತಿಳಿನೀರು.

“ಇದರಾಗ ಮಾಯ ಮಂತ್ರ ಏನಿಲ್ಲ. ಈ ಬೂದಿಯೊಳಗ ಕಣ್ಣಿಗೆ ಕಾಣದಂಥ ಸಣ್ಣ ತೂತು ಅದಾವು. ನೀರಿನ ಬಣ್ಣ, ನಾತ ಎಲ್ಲಾ ಅದಕ್ಕ ಅಂಟಿಕೋತಾವು. ಎಲ್ಲಾ ಬೂದಿಗೂ ಈ ಗುಣ ಇರಂಗಿಲ್ಲ. ಕೆಲವದರಾಗ ವಿಷಾನೂ ಇರತೈತಿ. ಅದಕ್ಕ ಪರೀಕ್ಷೆ ಮಾಡಿಸೇನಿ. ಈ ನೀರು ಮನುಷ್ಯಾರು ಕುಡಿಯಾಕ ಅಲ್ಲ. ದನಕ್ಕ, ಹೊಲಕ್ಕ ಆಗತೈತಿ.”

ಹಿರಿಯ ಕರಿಯಪ್ಪಜ್ಜ ಸಿಟ್ಟಿನಿಂದ ಎದ್ದ. “ಏನ್ರೀ ಬಾಯಾರ, ಅವ ಹೊಲಸು ಮಾಡೂದು, ನಾವು ಬಳಿಯೂದಾ?”

“ನೀವು ಕೇಳೂದು ಖರೇ ಐತಿ ಅಜ್ಜಾರ. ಜಗಳ ಬಿಡೂದು ಬ್ಯಾಡ. ಆದರ ಜಗಳ ಮುಗಿಯೂತನಕ ದನ ಸಾಯೂದೂ ಬ್ಯಾಡ.”

ಹಳ್ಳದ ನೀರು ದನಗಳ ಹೊಂಡಕ್ಕೆ ಸೇರುವಲ್ಲಿ ಊರವರು ಗುಂಡಿಗಳನ್ನು ತೋಡಿದರು. ಜಲ್ಲಿ, ಉಸುಕು, ತೊಳೆದ ಬೂದಿ ತುಂಬಿದರು. ದುಂಡವ್ವ ಎಲ್ಲರಿಗಿಂತ ಮುಂದೆ ನಿಂತು ಬುಟ್ಟಿ ಹೊತ್ತಳು. ಬೂದಿಯ ಶಕ್ತಿ ತೀರಿದಾಗ ಅದನ್ನು ಮತ್ತೆ ನೀರಿಗೆ ಚೆಲ್ಲದೆ ಇಟ್ಟಿಗೆ ಭಟ್ಟಿಗೆ ಕಳಿಸಿ, ಹೊಸದನ್ನು ತುಂಬುತ್ತಿದ್ದರು. ಹೊಂಡ ನಿಧಾನವಾಗಿ ತಿಳಿಯಾಯಿತು. ಮೂಸಿ ನೋಡಿ ಹಿಂದೆ ಸರಿಯುತ್ತಿದ್ದ ದನಗಳು ಬಾಯಿ ಹಚ್ಚಿದವು.

ಸುದ್ದಿ ಹಬ್ಬಿತು. ಬೇರೆ ಊರುಗಳಿಂದ ಜನ ನೋಡಲು ಬಂದರು, ನಮಗೂ ಈ ಬೂದಿ ಬೇಕೆಂದು ಕೇಳಿದರು. ಆಗ ನೋಡಿ, ಸಾಹುಕಾರರಿಗೆ ಬೂದಿಯ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು! ಒಂದು ಬೆಳಿಗ್ಗೆ ಊರ ಗೋಮಾಳಕ್ಕೆ ಮುಳ್ಳುತಂತಿ ಬಂತು. ‘ಇದು ಕಾರ್ಖಾನೆಯ ಸ್ವತ್ತು’ ಎಂಬ ಫಲಕವೂ ಬಂತು. ಅಷ್ಟೇ ಅಲ್ಲ, ದುಂಡವ್ವ ಬೂದಿ ಕದ್ದಳೆಂದು ದೂರು ಕೊಟ್ಟರು. ಎಮ್ಮೆ ಕಳಕೊಂಡವಳ ಮೇಲೆ ಕಳವಿನ ದೂರು! ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ತಹಶೀಲ್ದಾರರು ಸ್ಥಳ ನೋಡಲು ಬಂದರು. ಊರೆಲ್ಲ ನೆರೆಯಿತು. ಸಾಹುಕಾರರು ಮೂಗಿಗೆ ಕರವಸ್ತ್ರ ಹಿಡಿದು ಕಾರಿನಿಂದ ಇಳಿದರು.

“ಈ ಬೂದಿ ನಿಮ್ಮದೇನ್ರಿ?” ತಹಶೀಲ್ದಾರರು ಕೇಳಿದರು.

“ನಮ್ಮದ ರೀ ಸಾಹೇಬ್ರ. ಒಂದೊಂದು ಹಿಡಿನೂ ನಮ್ಮದ.”

ದುಂಡವ್ವ ಸೆರಗು ಬಿಗಿದು ಮುಂದೆ ಬಂದಳು.

“ಹೌದ್ರಿ ಸಾಹೇಬ್ರ, ಅವರದ. ನಾ ತಗೊಂಡಿದ್ದೂ ಖರೇ, ವಾಪಸ್ ಕೊಡ್ತೇನಿ. ಗೋಮಾಳದಾಗಿಂದು ಒಯ್ಯಲಿ. ನಮ್ಮ ಬಾವ್ಯಾಗ ಬಿದ್ದದ್ದು ಒಯ್ಯಲಿ. ನಮ್ಮ ಮಕ್ಕಳ ಎದಿಯಾಗ ಕುಂತದ್ದನ್ನೂ ಒಯ್ಯಲಿ. ಹಳ್ಳದಾಗಿನ ನೀರೂ ಅವರ ಗೇಟಿಂದನ ಬಂದದ್ದು, ಅದನ್ನ ಯಾಕ ಬಿಟ್ಟು ಹೋಗ್ತಾರ?”

ತಹಶೀಲ್ದಾರರು ಸಾಹುಕಾರರತ್ತ ತಿರುಗಿ, “ನಿಮ್ಮದು ಅಂತ ನೀವೇ ಹೇಳಿದ್ರಿ. ಹಂಗಾದ್ರ ಊರ ಜಾಗದಾಗ ಇದನ್ನ ಸುರಿಯಾಕ ನಿಮಗ ಯಾರು ಹೇಳಿದ್ರು?” ಎಂದು ಕೇಳಿದರು. ಸಾಹುಕಾರರ ಕರವಸ್ತ್ರ ಮೂಗಿನಿಂದ ಹಣೆಗೆ ಹೋಯಿತು.

ದೂರು ಬಿದ್ದುಹೋಯಿತು. ಗೋಮಾಳ ತೆರವು ಮಾಡಬೇಕು, ನೀರನ್ನು ಕಾರ್ಖಾನೆಯ ಒಳಗೇ ಶುದ್ಧಮಾಡಿ ಬಿಡಬೇಕು ಎಂದು ಆದೇಶವಾಯಿತು. ಸಾಹುಕಾರರು ಸುಮ್ಮನೆ ಒಪ್ಪಿದರೇ? ಕೋರ್ಟಿಗೆ ಹೋದರು, ಎಳೆದಾಡಿದರು. ಊರ ಹೆಂಗಸರು ಕಾರ್ಖಾನೆಯ ಗೇಟಿಗೆ ಅಡ್ಡ ಬಂದು ಕೂತರು. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಾಗ ಸಾಹುಕಾರರಿಗೆ ಬುದ್ಧಿ ಬಂತು. ಪ್ರಭಾವತಿ ತೋರಿಸಿದ ಹಾಗೆಯೇ ಕಾರ್ಖಾನೆಯ ಒಳಗೆ ನೀರು ಸೋಸುವ ದೊಡ್ಡ ಬೂದಿತೊಟ್ಟಿಗಳು ಎದ್ದವು.

ಉದ್ಘಾಟನೆಯ ದಿನ ಸಾಹುಕಾರರು ಹಾರ ಹಾಕಿಸಿಕೊಂಡು, “ಇದು ನನ್ನ ಬಹುದಿನದ ಕನಸು” ಎಂದು ಭಾಷಣ ಮಾಡಿದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ದುಂಡವ್ವನ ಎಮ್ಮೆಯ ಮಾತನ್ನು ಮಾತ್ರ ವೇದಿಕೆಯ ಮೇಲೆ ಯಾರೂ ಎತ್ತಲಿಲ್ಲ. ಅವಳು ಅಲ್ಲಿಗೆ ಹೋಗಿರಲೂ ಇಲ್ಲ. ಹಳ್ಳದ ದಂಡೆಗೆ ಹೋಗಿ, ಹರಿಯುವ ನೀರನ್ನು ಬೊಗಸೆಯಲ್ಲಿ ಎತ್ತಿ, ಮೂಸಿ ನೋಡಿದಳು. ನಾತ ಇರಲಿಲ್ಲ.

ನೀತಿ: ಬುದ್ಧಿ ಓಡಿಸಿದರೆ ಕಸವೂ ನೀರನ್ನು ತೊಳೆಯುತ್ತದೆ. ಆದರೆ ಲಾಭ ನನ್ನದು ಎನ್ನುವವನು ಅದರ ಹೊಲಸೂ ನನ್ನದೇ ಎನ್ನಬೇಕು. ತಾನಾಗಿ ಹಾಗೆನ್ನದವನ ಬಾಯಲ್ಲಿ ಊರೇ ಕೂಡಿ ಅನ್ನಿಸಬೇಕು.