ಚಿಪ್‌ನ ಭಾಷೆ ಕಲಿತ ಭಾಗೀರಥಿ

ಒಂದು ಚಿಪ್ ಇತ್ತು. ಗಡಿಯಾರವಾಗು ಎಂದರೆ ಗಡಿಯಾರವಾಗುತ್ತಿತ್ತು, ಕ್ಯಾಲ್ಕುಲೇಟರ್ ಆಗು ಎಂದರೆ ಅದಕ್ಕೂ ಸೈ. ಆದರೆ ಅದರ ಭಾಷೆ ಬಲ್ಲದ್ದು ಅದನ್ನು ತಯಾರಿಸಿದ ಕಂಪನಿಯ ತಂತ್ರಾಂಶವೊಂದೇ. ಅದು ಮುನಿಸಿಕೊಂಡರೆ ಚಿಪ್ ಬರೀ ಕಲ್ಲು.

“ಆ ಭಾಷೆ ನನಗೂ ಕಲಿಸಿ,” ಎಂದಳು ಇಂಜಿನಿಯರ್ ಭಾಗೀರಥಿ.

“ಅದು ಮನೆತನದ ಗುಟ್ಟು,” ಎಂದು ತಂತ್ರಾಂಶ ಮೂತಿ ತಿರುಗಿಸಿತು.

“ಆಗಲಿ ಸ್ವಾಮಿ. ಈ ಒಂದು ದೀಪ ಹೊತ್ತಿಸಲು ಚಿಪ್‌ಗೆ ಹೇಳಿ.”

ತಂತ್ರಾಂಶ ಹೇಳಿತು. ಮರುದಿನ ಪಕ್ಕದ ದೀಪ ಹೊತ್ತಿಸಲು ಹೇಳಿ ಎಂದು ಕೇಳಿಕೊಂಡಳು. ಹೀಗೆ ವರ್ಷಗಟ್ಟಲೆ ಕೇಳುತ್ತ, ಪ್ರತಿ ಸಲ ಅಪ್ಪಣೆಯಲ್ಲಿ ಯಾವ ಅಕ್ಷರ ಬದಲಾಯಿತೆಂದು ನೋಡುತ್ತ, ಇಡೀ ಭಾಷೆ ಕಲಿತಳು. ಕಲಿತದ್ದನ್ನು ಕೇಳಿದವರಿಗೆಲ್ಲ ಪುಕ್ಕಟೆ ಹಂಚಿದಳು.

“ನನ್ನ ಗುಟ್ಟು ಕದ್ದವರು ಯಾರು?” ತಂತ್ರಾಂಶ ಬೊಬ್ಬೆ ಹಾಕಿತು. ಭಾಗೀರಥಿ ನಗು ತಡೆದುಕೊಂಡಳು.

“ಕದಿಯುವ ಮಾತೆಲ್ಲಿ ಬಂತು ಯಜಮಾನರೇ?” ಎಂದಿತು ಚಿಪ್. “ದಿನವೂ ಈ ಭಾಗೀರಥಿಯವರ ಎದುರಿಗೇ ನನಗೆ ಕೂಗಿ ಹೇಳುತ್ತಿದ್ದವರು ನೀವೇ ಅಲ್ಲವೇ!”