ಮಂತ್ರಿ ಉಂಡೆದ್ದ ಮನೆ

“ಗುರುಗಳೇ, ಮನೆ ಸಾಲದು ಎಂದು ಜನ ದಿನವೂ ನನ್ನ ಬಳಿ ಬಂದು ಗೋಳಾಡುತ್ತಾರೆ. ಹೋಗಿ ನೋಡಿದರೆ ಎಲ್ಲರ ಮನೆಯೂ ವಿಶಾಲವಾಗಿಯೇ ಇದೆ. ಇವರು ಸುಳ್ಳು ಹೇಳುವುದೇಕೆ?”

ಕೇಳಿದವನು ಹಳೆಯ ಶಿಷ್ಯ. ಈಚೆಗೆ ಮಂತ್ರಿಯಾಗಿದ್ದ. ಬರುತ್ತೇನೆಂದು ಹಿಂದಿನ ದಿನವೇ ಹೇಳಿಕಳಿಸಿ ಮಠಕ್ಕೆ ಬಂದಿದ್ದ. ಈಗ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದ.

ಸುಳ್ಳೋ ನಿಜವೋ ಆಮೇಲೆ ನೋಡೋಣ, ಮೊದಲು ಕತೆ ಕೇಳು ಎಂದು ಗುರುಗಳು ಶುರುಮಾಡಿದರು.

ಒಂದೂರಿನಲ್ಲಿ ಬುಟ್ಟಿ ಹೆಣೆಯುವವನೊಬ್ಬನಿದ್ದ. ಅವನದು ಒಂದೇ ಅಂಕಣದ ಮನೆ. ಅದರಲ್ಲೇ ಗಂಡ, ಹೆಂಡತಿ, ಮಕ್ಕಳು, ಹಾಸಿಗೆ ಹಿಡಿದ ಮುದುಕಿ ತಾಯಿ, ಒಂದು ಮೇಕೆ. ಇವರೆಲ್ಲರ ನಡುವೆ ಬಿದಿರು. ಅದರ ತುದಿ ಬಾಗಿಲು ದಾಟಿ ಬೀದಿಗೆ ಬಂದಿರುತ್ತಿತ್ತು. ಇಂಥ ಮನೆಗೆ ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಬಾಣಂತಿಯನ್ನು ಮಲಗಿಸುವುದೆಲ್ಲಿ? ಬುಟ್ಟಿಯವನು ಅರಮನೆಗೆ ಹೋಗಿ, ಹಿತ್ತಲಾಚೆಯ ಖಾಲಿ ಜಾಗದಲ್ಲಿ ಒಂದು ಕೋಣೆ ಕಟ್ಟಿಕೊಳ್ಳಲು ಅಪ್ಪಣೆ ಬೇಡಿದ. ತಾನೇ ಬಂದು ನೋಡುತ್ತೇನೆಂದು ಮಂತ್ರಿ ಹೇಳಿಕಳಿಸಿದ.

ದೊಡ್ಡವರು ಮನೆಗೆ ಬರುತ್ತಾರೆಂದರೆ ಹೆಂಡತಿ ಸುಮ್ಮನಿರುತ್ತಾಳೆಯೇ? ಬಿದಿರು, ಬುಟ್ಟಿ, ಬೀಸುವ ಕಲ್ಲು, ಮೇಕೆ, ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿದಳು. ಅತ್ತೆಯನ್ನೂ ಮಂಚ ಸಮೇತ ಸಾಗಿಸಿದಳು. ನೆಲ ಸಾರಿಸಿ, ರಂಗೋಲಿ ಹಾಕಿ, ಒಂದು ಚಾಪೆ ಹಾಸಿದಳು. ಮಂತ್ರಿ ಬಂದ, ಕುಳಿತ, ಸುತ್ತಲೂ ನೋಡಿದ. ಇಷ್ಟು ಜಾಗವಿರುವಾಗ ಇನ್ನೊಂದು ಕೋಣೆ ಏತಕ್ಕೆ, ಇಲ್ಲಿ ಮದುವೆಯನ್ನೇ ಮಾಡಬಹುದಲ್ಲ ಎಂದ. ಬಂದವರ ಎದುರು ನಮ್ಮ ಮನೆ ಇಕ್ಕಟ್ಟು ಎನ್ನಲು ಬುಟ್ಟಿಯವನಿಗೆ ನಾಚಿಕೆ. ಊಟ ಮಾಡಿಕೊಂಡು ಹೋಗಿ ಎಂದಷ್ಟೇ ಹೇಳಿದ.

ಮಂತ್ರಿ ಊಟಕ್ಕೆ ಕುಳಿತ. ಅಷ್ಟರಲ್ಲಿ ಅವನ ಆಳು ಪಕ್ಕದ ಮನೆಗೆ ಹೋಗಿ, ಮಂತ್ರಿಗಳು ಅಲ್ಲಿಂದ ಎದ್ದು ನಿಮ್ಮಲ್ಲಿಗೇ ಬರುತ್ತಾರೆ ಎಂದುಬಿಟ್ಟ. ಆ ಮನೆಯವಳೂ ಕೋಣೆ ಬೇಡಿದ್ದವಳೇ. ಅಯ್ಯೋ ಪಾಪ, ಅವಳ ಮನೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಇಟ್ಟುಕೊಂಡದ್ದನ್ನೆಲ್ಲ ಹಿತ್ತಲ ಬಾಗಿಲಿನಿಂದ ವಾಪಸು ತಂದಳು. ಅದರ ಬೆನ್ನಿಗೇ ತನ್ನ ಸಾಮಾನನ್ನೂ ತಂದಳು. ಮಂತ್ರಿ ಅನ್ನ ಕಲೆಸುವಷ್ಟರಲ್ಲಿ ಬೀಸುವ ಕಲ್ಲು ಸೊಂಟಕ್ಕೆ ಒತ್ತಿತು. ಇನ್ನೊಂದು ಸೌಟು ಸಾರು ಬಡಿಸುವಷ್ಟರಲ್ಲಿ ಮೇಕೆ ಬಂದು ಅವನ ಮುತ್ತುಗದೆಲೆಯ ಅಂಚು ಜಗಿಯತೊಡಗಿತು. ಎಲೆಯನ್ನು ಎಳೆದುಕೊಳ್ಳುತ್ತ, ಎಳೆದುಕೊಳ್ಳುತ್ತ ಅವನು ಮುಂಬಾಗಿಲವರೆಗೆ ಸರಿದ. ಮುದುಕಿಯ ಮಂಚ ಹಿತ್ತಲ ಬಾಗಿಲಲ್ಲಿ ಹಿಡಿಸಲಿಲ್ಲವೆಂದು ಅದನ್ನು ಅಲ್ಲಿಗೇ ಹೊತ್ತು ತಂದರು.

“ಯಾರಪ್ಪಾ ನೀನು, ದಾರಿಗೆ ಅಡ್ಡ ಕೂತು ಉಣ್ಣುತ್ತಿದ್ದೀಯಲ್ಲ? ಆಚೆ ಸರಿ” ಎಂದಳು ಮುದುಕಿ.

ಮಂತ್ರಿ ಎಲೆಯನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಿಂತು ಊಟ ಮುಗಿಸಿದ. ಕೈ ತೊಳೆದವನೇ ಕೋಣೆಗೆ ಅಪ್ಪಣೆ ಕೊಟ್ಟ. ಮಗಳು ಬರುವುದರೊಳಗೆ ಕೋಣೆ ಎದ್ದಿತು, ಮೊಮ್ಮಗಳು ಅಲ್ಲೇ ಹುಟ್ಟಿದಳು. ಅದು ಆಮೇಲಿನ ಮಾತು. ಅಂದು ಮಾತ್ರ ಮಂತ್ರಿ ಕೈ ಒರೆಸಿಕೊಂಡು ಪಕ್ಕದ ಮನೆಗೆ ಹೋದ. ಅಲ್ಲಿ ಸಾರಿಸಿದ ನೆಲವಿತ್ತು, ಒಂದು ಚಾಪೆಯಿತ್ತು. ಇವರ ಮನೆ ನಿಜಕ್ಕೂ ವಿಶಾಲವಾಗಿದೆ, ಕೋಣೆ ಬೇಕಿಲ್ಲ ಎಂದು ಹೇಳಿ ಹೊರಟುಹೋದ.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ.

“ಎಂಥ ಪೆದ್ದ ಮಂತ್ರಿ, ಗುರುಗಳೇ! ಇಲ್ಲಿಯ ಸಾಮಾನೆಲ್ಲ ಎಲ್ಲಿ ಹೋಯಿತು ಎಂದು ಒಂದು ಮಾತು ಕೇಳಬಾರದಿತ್ತೇ?”

ಗುರುಗಳೂ ನಕ್ಕರು. ನಗುತ್ತಲೇ ಹೇಳಿದರು:

“ಮೆಲ್ಲಗೆ ನಗು, ಈ ಜಗಲಿಯಲ್ಲಿ ದಿನವೂ ಇರುವವರು ತಮ್ಮ ಗಂಟುಮೂಟೆ ಹೊತ್ತುಕೊಂಡು ಕೊಟ್ಟಿಗೆಯ ಹಿಂದೆ ನಿಂತಿದ್ದಾರೆ, ನೀನು ಯಾವಾಗ ಏಳುತ್ತೀಯೋ ಎಂದು ಕಾಯುತ್ತಿದ್ದಾರೆ.”